ಮೂವತ್ತೇಳನೇ ನಂಬರಿನ ಪುಟ

ನನ್ನ ಹತ್ತಿರ ಒಂದೂ ಮ್ಯಾಗಜೀನ್ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ನಾನು ಮ್ಯಾಗಜೀನುಗಳನ್ನು ಕೂಡಿಹಾಕಿದ್ದೇನೆ ಎಂದು ಊರಲ್ಲಿ ಯಾರೋ ಹೇಳಿ, ಅದು ಸಕಲೇಶಪುರದವರೆಗೂ ಹೋಗಿ, ಅಲ್ಲಿಂದ ನನ್ನ ಅಣ್ಣ ಫೋನ್ ಮಾಡಿ, "ಏನೋ ಅದು, ಮನೇಲಿ ಏನಿಟ್ಕೊಂಡಿದೀಯ?" ಎಂದು ಕೇಳಿದ್ದೂ ಆಯಿತು. ಮ್ಯಾಗಜೀನ್ ಎಂದರೆ ಓದುವ ಪತ್ರಿಕೆಯಲ್ಲ. ಪಿಸ್ತೂಲಿನ ಹಿಡಿಯೊಳಗೆ ಕೂರುವ, ಗುಂಡು ತುಂಬುವ ತಗಡಿನ ಡಬ್ಬಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಅದರಲ್ಲೂ 9 ಎಂ.ಎಂ. ಅನ್ನುವುದು ಸೇನೆ, ಪೊಲೀಸರ ಗುಂಡಿನ ಅಳತೆ, ಸಾಮಾನ್ಯರ ಲೈಸೆನ್ಸಿಗೆ ಸಿಗುವಂಥದ್ದಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಆರ್ಮರರ್ ಆಗಿ, ಅಂದರೆ ಆಯುಧ ರಿಪೇರಿ ಮಾಡುವವನಾಗಿ, ದುಡಿದವನು ನಾನು. ಒಂದು ಖಾಲಿ ಸ್ಪ್ರಿಂಗ್ ಕೂಡ ಮನೆಗೆ ತಂದಿಲ್ಲ.

ನನ್ನಲ್ಲಿರುವುದು ಒಂದು ಲಾಂಗ್ ಬುಕ್. ಇನ್ನೂರು ಪುಟದ್ದು, ರಟ್ಟು ಬಿಚ್ಚಿಹೋಗಿ ಎರಡು ಸಲ ಗೋಂದು ಹಾಕಿ ಅಂಟಿಸಿದ್ದು. ಅದರಲ್ಲಿ ಒಂದೊಂದು ಪುಟಕ್ಕೆ ಒಂದೊಂದು ಮ್ಯಾಗಜೀನು. ಕಾಗದದ ಮೇಲೆ ಮಲಗಿಸಿ, ಸುತ್ತ ಪೆನ್ಸಿಲ್ ಎಳೆದು, ಪಕ್ಕದಲ್ಲಿ ಅಳತೆ ಬರೆದದ್ದು. ಆಗ ನಮ್ಮ ವರ್ಕ್‌ಶಾಪಿನ ಅಧಿಕಾರಿಯಾಗಿದ್ದವರ ಒಪ್ಪಿಗೆ ಪಡೆದೇ ಬರೆದೆ. ನಿವೃತ್ತನಾಗುವಾಗ ಪುಸ್ತಕವನ್ನು ಅವರ ಸ್ಥಾನದಲ್ಲಿದ್ದವರ ಮುಂದಿಟ್ಟು, ಅವರು ಪುಟ ತಿರುವಿ ನೋಡಿ "ಇದು ನಿಮ್ಮದೇ" ಅಂದ ಮೇಲೆಯೇ ಟ್ರಂಕಿಗೆ ಹಾಕಿಕೊಂಡೆ. ಈಗ ಹಾಸನದ ಸಾಲಗಾಮೆ ರಸ್ತೆಯ ನಮ್ಮ ಮನೆಯಲ್ಲಿ ಪೆನ್ಷನ್ ಕಾಗದಗಳ ಜೊತೆ ಇದೆ. ಕೆಲವು ಪುಟಗಳಲ್ಲಿ ಇನ್ನೂ ಎಣ್ಣೆಯ ವಾಸನೆ ಇದೆ.

ನಮ್ಮ ಸೈನ್ಯದ ಹಳೆಯ ನೆಚ್ಚಿನ ಪಿಸ್ತೂಲು 'ಪಿಸ್ಟಲ್ ಆಟೋ 9 ಎಂ.ಎಂ. 1ಎ'. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾಗುವಂಥದ್ದು. ಅದರ ವಂಶಾವಳಿ ಉದ್ದ. ಅಮೆರಿಕದ ಜಾನ್ ಬ್ರೌನಿಂಗ್ ಆರಂಭಿಸಿದ ವಿನ್ಯಾಸ ಅದು. ಆತ 1926ರಲ್ಲಿ ಬೆಲ್ಜಿಯಂನಲ್ಲೇ ತೀರಿಕೊಂಡ. ಉಳಿದದ್ದನ್ನು ಪೂರೈಸಿದವನು ಅಲ್ಲಿನ ಎಫ್‌ಎನ್ ಕಾರ್ಖಾನೆಯ ದ್ಯೂದೊನೆ ಸೇವ್. 1935ರಲ್ಲಿ 'ಹೈ ಪವರ್' ಎಂಬ ಹೆಸರಲ್ಲಿ ಹೊರಬಂತು. ಯುದ್ಧದಲ್ಲಿ ಬೆಲ್ಜಿಯಂ ಜರ್ಮನ್ನರ ಕೈಸೇರಿದಾಗ, ತಪ್ಪಿಸಿಕೊಂಡು ಹೋದ ಸೇವ್ ಮತ್ತವನ ಸಂಗಡಿಗರ ನೆರವಿನಿಂದ ನಕ್ಷೆಗಳು ಮತ್ತೆ ಸಿದ್ಧವಾದವು. ಕೆನಡಾದ ಟೊರಾಂಟೊದಲ್ಲಿ ಜಾನ್ ಇಂಗ್ಲಿಸ್ ಕಂಪನಿ 1944ರಿಂದ ಅದನ್ನು ಮಾಡಲು ಹಿಡಿಯಿತು. ಯುದ್ಧಕ್ಕೆ ಮೊದಲು ಬಾಯ್ಲರ್ ಮಾಡುತ್ತಿದ್ದ, ಯುದ್ಧ ಮುಗಿದ ಮೇಲೆ ಬಟ್ಟೆ ಒಗೆಯುವ ಯಂತ್ರ ಮಾಡಿದ ಕಂಪನಿ ಅದು. ನಮ್ಮ ಇಶಾಪುರದ ಪಿಸ್ತೂಲು ಈ ಕೆನಡಾದ ಮಾದರಿಯ ಮಗು.

ಪಿಸ್ತೂಲಿನ ಬಗ್ಗೆ ಬರೆಯುವವರೆಲ್ಲ ಬ್ರೌನಿಂಗನನ್ನು ಹೊಗಳುತ್ತಾರೆ. ನನಗೆ ಮಾತ್ರ ಸೇವ್ ದೊಡ್ಡವನು, ಯಾಕೆಂದರೆ ಮ್ಯಾಗಜೀನು ಅವನದು. ಆ ಕಾಲದಲ್ಲಿ ಅಮೆರಿಕದವರ ಪಾಯಿಂಟ್ ನಾಲ್ಕು ಐದರ ಪಿಸ್ತೂಲಿನಲ್ಲಿ 7 ಗುಂಡು, ಜರ್ಮನ್ನರ ಲೂಗರ್‌ನಲ್ಲಿ 8. ಸೇವ್ ಒಂದೇ ಹಿಡಿಯೊಳಗೆ 13 ಕೂರಿಸಿದ. ಗುಂಡುಗಳನ್ನು ಒಂದರ ಮೇಲೊಂದು ನೆಟ್ಟಗೆ ಪೇರಿಸದೆ, ಎರಡು ಸಾಲು ಮಾಡಿ, ಒಂದು ಸಾಲಿನ ಎರಡು ಗುಂಡಿನ ನಡುವಿನ ಸಂದಿಗೆ ಇನ್ನೊಂದು ಸಾಲಿನ ಗುಂಡು ಒರಗುವಂತೆ ಇಟ್ಟ. ಗುಂಡಿನ ಬುಡದ ಅಗಲ ಸುಮಾರು 10 ಮಿಲಿಮೀಟರು. ಎರಡನ್ನು ಪಕ್ಕಪಕ್ಕದಲ್ಲೇ ಇಟ್ಟರೆ 20 ಆಗುತ್ತದೆ, ಹಿಡಿ ದಪ್ಪವಾಗಿ ಕೈಗೆ ಕೂರುವುದಿಲ್ಲ. ಓರೆಯಾಗಿ ಒರಗಿಸಿದ್ದರಿಂದ ಅಷ್ಟು ಜಾಗ ಬೇಕಾಗಲಿಲ್ಲ.

ಕಷ್ಟ ಇರುವುದು ಮೇಲ್ಗಡೆ. ಎರಡು ಸಾಲಿನಲ್ಲಿ ಬಂದ ಗುಂಡುಗಳು ಬಾಯಿಯ ಹತ್ತಿರ ಬರುವಷ್ಟರಲ್ಲಿ ಒಂದೇ ಸಾಲಾಗಬೇಕು. ಸ್ಲೈಡು, ಅಂದರೆ ಪಿಸ್ತೂಲಿನ ಮೇಲ್ಗಡೆ ಜಾರುವ ಭಾಗ, ಹಿಂದಕ್ಕೆ ಹೋಗಿ ಮುಂದಕ್ಕೆ ಬರುವಾಗ ಅದಕ್ಕೆ ಸಿಗಬೇಕಾದದ್ದು ನಡುಮಧ್ಯದಲ್ಲಿ ನಿಂತ ಒಂದೇ ಒಂದು ಗುಂಡು. ಹಾಸನದವರಿಗೆ ಇದನ್ನು ವಿವರಿಸುವುದು ಸುಲಭ. ಅಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆಗೆದ ಮೇಲೆ ಒಂದು ದಿನ ಹೋಗಿ ನೋಡಿ. ಧರ್ಮದರ್ಶನದ ಸಾಲು ಒಂದು ಕಡೆಯಿಂದ, ಟಿಕೆಟ್ಟಿನ ಸಾಲು ಇನ್ನೊಂದು ಕಡೆಯಿಂದ. ಬೀದಿಯುದ್ದಕ್ಕೂ ಎರಡೂ ಸಾಲು ತಕರಾರಿಲ್ಲದೆ ಸಾಗುತ್ತವೆ. ನೂಕುನುಗ್ಗಲು ಆಗುವುದು ಗರ್ಭಗುಡಿಯ ಹತ್ತಿರ, ಎರಡೂ ಒಂದಾಗುವ ಆ ನಾಲ್ಕು ಮಾರು ಜಾಗದಲ್ಲಿ. ಅಲ್ಲಿ ಕಟಕಟೆ ಸರಿಯಾಗಿದ್ದರೆ ಒಬ್ಬರ ಹಿಂದೆ ಒಬ್ಬರು ಒಳಗೆ ಹೋಗುತ್ತಾರೆ. ಕಟಕಟೆ ಒಂದಿಷ್ಟು ಓರೆಯಾಗಿದ್ದರೂ ಇಬ್ಬರು ಒಟ್ಟಿಗೆ ನುಗ್ಗಿ ಸಿಕ್ಕಿಕೊಳ್ಳುತ್ತಾರೆ. ಮ್ಯಾಗಜೀನಿನಲ್ಲಿ ಆ ಕಟಕಟೆಗೆ ತುಟಿ ಎನ್ನುತ್ತೇವೆ. ಒಳಕ್ಕೆ ಬಾಗಿದ ಎರಡು ತಗಡಿನ ಅಂಚು. ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಬರೆದಿರುವುದು ಈ ತುಟಿಗಳ ಬಗ್ಗೆಯೇ.

ಅದಕ್ಕೆ ಕಾರಣವಿದೆ. ನಾನು ವರ್ಕ್‌ಶಾಪಿಗೆ ಹೊಸಬನಾಗಿದ್ದಾಗ ಒಂದು ಪಿಸ್ತೂಲು ಮೂರು ಸಲ ವಾಪಸು ಬಂತು. ಪ್ರತಿ ಸಲವೂ ಒಂದೇ ದೂರು: ಗುಂಡು ಅರ್ಧ ಒಳಗೆ, ಅರ್ಧ ಹೊರಗೆ, ಮೂತಿ ಮೇಲೆತ್ತಿಕೊಂಡು ನಿಂತುಬಿಡುತ್ತದೆ. ಮೊದಲ ಸಲ ಚೇಂಬರ್, ಅಂದರೆ ಸಿಡಿಯುವ ಮೊದಲು ಗುಂಡು ಕೂರುವ ಗೂಡು, ತೊಳೆದೆವು. ಎರಡನೇ ಸಲ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಬದಲಾಯಿಸಿದೆವು. ಮೂರನೇ ಸಲ ಅದನ್ನು ತಂದ ಹುಡುಗನ ಮುಖ ನೋಡಲಾಗಲಿಲ್ಲ. ಫೈರಿಂಗ್ ರೇಂಜಿನಲ್ಲಿ ಎಲ್ಲರ ಎದುರು ಅವನ ಹಿಡಿತವೇ ಸರಿಯಿಲ್ಲ ಎಂದು ಬೈಸಿಕೊಂಡು ಬಂದಿದ್ದ. ನಮ್ಮ ಉಸ್ತಾದ್ ಒಬ್ಬರಿದ್ದರು, ಪಂಜಾಬಿನವರು. ಅವರು ಪಿಸ್ತೂಲನ್ನು ಕೈಗೆತ್ತಿಕೊಳ್ಳಲೇ ಇಲ್ಲ. "ಮ್ಯಾಗಜೀನ್ ಕಹಾಂ ಹೈ?" ಅಂದರು. ಹುಡುಗ ಜೊತೆಗೆ ತಂದಿದ್ದ. ಉಸ್ತಾದ್ ಅದನ್ನು ಟೇಬಲ್ ಲ್ಯಾಂಪಿನ ಎದುರು ಕಣ್ಣಿನ ಮಟ್ಟಕ್ಕೆ ಹಿಡಿದು, ಹಿಂದಿನಿಂದ ನೋಡಿ, ನನಗೆ ಕೊಟ್ಟರು. ನನಗೆ ಏನೂ ಕಾಣಲಿಲ್ಲ. ಇನ್ನೊಮ್ಮೆ ನೋಡು ಅಂದರು. ಲ್ಯಾಂಪಿನ ಬೆಳಕು ಎರಡೂ ತುಟಿಯ ಅಂಚಿನ ಮೇಲೆ ಗೆರೆಯಂತೆ ಬೀಳುತ್ತಿತ್ತು. ಬಲಗಡೆಯ ಗೆರೆ ಕೊನೆಯವರೆಗೂ ನೇರ. ಎಡಗಡೆಯದು ತುದಿಗೆ ಬರುವಾಗ ಕೂದಲೆಳೆಯಷ್ಟು ಹೊರಕ್ಕೆ ತಿರುಗಿತ್ತು. ಯಾವಾಗಲೋ ತಲೆಕೆಳಗಾಗಿ ಸಿಮೆಂಟಿನ ಮೇಲೆ ಬಿದ್ದಿರಬೇಕು. "ಬೀಮಾರ್ ಯೇ ಹೈ, ಪಿಸ್ತೂಲ್ ನಹೀಂ" ಎಂದರು ಉಸ್ತಾದ್.

ಕತೆ ಅಲ್ಲಿಗೆ ಮುಗಿದಿದ್ದರೆ ನಾನು ಪುಸ್ತಕ ಶುರುಮಾಡುತ್ತಿರಲಿಲ್ಲ. ಹುಡುಗನಿಗೆ ಬೇರೆ ಮ್ಯಾಗಜೀನ್ ಕೊಟ್ಟು ಕಳಿಸಿದೆವು. ಕೆಟ್ಟದ್ದನ್ನು ರಿಪೇರಿಯ ಟ್ರೇಯಲ್ಲಿಟ್ಟು ನಾನು ಊಟಕ್ಕೆ ಹೋದೆ. ಸಂಜೆ ಎಣಿಕೆ ಮಾಡುವವರು ಬಂದು, ಲೆಕ್ಕಕ್ಕೆ ಒಂದು ಕಡಿಮೆ ಬಿತ್ತೆಂದು ಅದನ್ನು ಎತ್ತಿ ಪೆಟ್ಟಿಗೆಗೆ ಸೇರಿಸಿದ್ದಾರೆ. ಹತ್ತು ದಿನ ಕಳೆದು ಬೇರೊಂದು ಪಿಸ್ತೂಲು ಅದೇ ದೂರಿನೊಂದಿಗೆ ಬಂತು. ನನಗೆ ಆ ಎಡ ತುಟಿಯ ಗುರುತು ಸಿಕ್ಕಿತು. ಅವತ್ತು ನನಗಾದ ಸಂಕಟ ಈಗಲೂ ನೆನಪಿದೆ. ಪಿಸ್ತೂಲಿಗೆ ನಂಬರಿತ್ತು, ಅದರ ಹುಟ್ಟು, ಪೋಸ್ಟಿಂಗು, ರಿಪೇರಿ ಎಲ್ಲಕ್ಕೂ ದಾಖಲೆಯಿತ್ತು. ಮ್ಯಾಗಜೀನಿಗೆ ಇದ್ದದ್ದು ಎಣಿಕೆ ಮಾತ್ರ. ಇಷ್ಟಿರಬೇಕು, ಇಷ್ಟಿದೆ, ಸಹಿ. ಪ್ರಾಣ ಉಳಿಸಬೇಕಾದ ಒಂದು ವಸ್ತುವನ್ನು ಆಲೂಗಡ್ಡೆ ಮೂಟೆಯ ಹಾಗೆ ಎಣಿಸಿಡುವುದು ತಪ್ಪು ಎಂದು ನನಗೆ ಅವತ್ತೇ ಅನಿಸಿತು. ಇವತ್ತಿಗೂ ಹಾಗೇ ಅನಿಸುತ್ತದೆ.

ನಂಬರು ಹಾಕೋಣ ಎಂದು ಕೇಳಿದೆ. ಆಗುವುದಿಲ್ಲ ಎಂದರು. ಮತ್ತೆ ಕೇಳಿದೆ. ಅಧಿಕಾರಿ ಬದಲಾದ ಮೇಲೆ ಮೂರನೇ ಸಲ ಕೇಳಿದಾಗ ಆಗಲಿ ಎಂದರು, ತಳದ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದರೆ ಸಾಕು ಎಂಬ ಷರತ್ತಿನ ಮೇಲೆ. ಒಂದರಿಂದ ಶುರುಮಾಡಿದೆ. ಆ ವಾರವೇ ಲಾಂಗ್ ಬುಕ್ ಕೊಂಡೆ.

ಇದು ನನ್ನ ಹೊಸ ಕಲ್ಪನೆಯೇನಲ್ಲ ಎಂಬುದು ಆಮೇಲೆ ತಿಳಿಯಿತು. ಲೂಗರ್ ಪಿಸ್ತೂಲಿನ ಜೊತೆ ಜರ್ಮನ್ ಸೈನ್ಯ ಎರಡು ಮ್ಯಾಗಜೀನ್ ಕೊಡುತ್ತಿತ್ತು. ಎರಡರ ಬುಡದ ಮೇಲೂ ಆ ಪಿಸ್ತೂಲಿನ ನಂಬರೇ. ಎರಡನೆಯದು ಯಾವುದು ಎಂದು ತಿಳಿಯಲಿ ಎಂದು ಅದರ ಮೇಲೆ ಒಂದು ಕೂಡುವ ಚಿಹ್ನೆ. ಹಳೆಯವಕ್ಕೆ ಬುಡ ಮರದ್ದು. ನಂಬರೂ ಚಿಹ್ನೆಯೂ ಕೂಡಿಬಂದ ಜೋಡಿ ಸಿಕ್ಕರೆ ಪಶ್ಚಿಮದ ಸಂಗ್ರಾಹಕರು ಪಿಸ್ತೂಲಿಗಿಂತ ಅದಕ್ಕೇ ಆಸೆಪಡುತ್ತಾರಂತೆ. ನನಗೆ ಅದರ ಬೆಲೆ ಮುಖ್ಯವಲ್ಲ. ಈ ಪಿಸ್ತೂಲಿಗೆ ಈ ಮ್ಯಾಗಜೀನು ಎಂದು ಗಂಟು ಹಾಕಿದವರಿಗೆ ವಿಷಯ ಗೊತ್ತಿತ್ತು, ಅಷ್ಟೇ.

ಅಮೆರಿಕದ 1911ರ ಮಾದರಿಯ ಹಳೆಯ ಮ್ಯಾಗಜೀನುಗಳು ಎರಡು ಬಣ್ಣದವು. ಕೆಳಗೆ ಕಡುನೀಲಿ, ಮೇಲೆ ಬಿಳಿಚಿದ ಬೂದಿ. ಚಿತ್ರದಲ್ಲಿ ನೋಡಿದಾಗ ಬಣ್ಣ ಸವೆದದ್ದು ಎಂದುಕೊಂಡಿದ್ದೆ. ಸವೆದದ್ದಲ್ಲ. ತುಟಿ ಇರುವ ಭಾಗವನ್ನು ಮಾತ್ರ ಕಾಯಿಸಿ ಹದಗೊಳಿಸಿ ಗಟ್ಟಿ ಮಾಡುತ್ತಿದ್ದರು, ಅದರ ಗುರುತು ಆ ಬಣ್ಣದಲ್ಲಿ ಉಳಿಯಿತು. ಬಾಗಬಾರದ ಜಾಗ ಯಾವುದೆಂದು ಅವರಿಗೂ ಗೊತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಈ ಚಂದವೆಲ್ಲ ಹೋಗಿ ಬುಡದಲ್ಲಿ ಒಂದೆರಡು ಅಕ್ಷರ ಮಾತ್ರ ಉಳಿಯಿತು. ಜಿ ಎಂದಿದ್ದರೆ ಜನರಲ್ ಶೇವರ್, ಗಡ್ಡ ಹೆರೆಯುವ ಯಂತ್ರದ ಕಂಪನಿ. ನಮ್ಮ ಬೇಲೂರಿನಲ್ಲಿ ಮದನಿಕೆಯ ಪಾದದ ಬುಡದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಹೆಸರು ಕೆತ್ತಿದ್ದಾರಲ್ಲ, ಅದನ್ನು ಹುಡುಕಿ ಓದುವ ಖುಷಿಯೇ ನನಗೆ ಈ ಒಂಟಿ ಅಕ್ಷರಗಳಲ್ಲೂ ಸಿಗುತ್ತದೆ. ಯಾರ ಕೈಯಲ್ಲಿ ಆಯಿತು ಎಂಬುದಕ್ಕೆ ಒಂದು ಗುರುತು.

ಮತ್ತೆ ನಮ್ಮ ಪಿಸ್ತೂಲಿಗೆ ಬರುತ್ತೇನೆ. ನನ್ನ ಕೈಗೆ ಬಂದವುಗಳಲ್ಲಿ ಇಶಾಪುರದವೇ ಹೆಚ್ಚು. ಕೆಲವು ಹಳೆಯ ಕೆನಡಾದವು ಇದ್ದವು. ಎರಡನ್ನೂ ಕಣ್ಣು ಮುಚ್ಚಿ ಬೇರೆ ಮಾಡಬಲ್ಲೆ ಎಂದು ಹೇಳಿದರೆ ಜೊತೆಯವರು ನಂಬುತ್ತಿರಲಿಲ್ಲ, ಮಾಡಿ ತೋರಿಸಿದ್ದೇನೆ. ಹೆಬ್ಬೆರಳಿಂದ ಫಾಲೋವರನ್ನು, ಅಂದರೆ ಗುಂಡುಗಳನ್ನು ಕೆಳಗಿಂದ ಎತ್ತುವ ಒಳಗಿನ ತಟ್ಟೆಯನ್ನು, ನಿಧಾನ ಒತ್ತಿದರೆ ಗೊತ್ತಾಗುತ್ತದೆ. ನಮ್ಮಲ್ಲಿದ್ದ ಕೆನಡಾದವು ಉಪಯೋಗಿಸಿ ಉಪಯೋಗಿಸಿ ಒಳಗೋಡೆ ನುಣುಪಾಗಿ, ಒಂದೇ ಸಮ ಕೆಳಗಿಳಿದು ಒಂದೇ ಸಮ ಮೇಲೆ ಬರುತ್ತಿದ್ದವು. ಹೊಸ ಇಶಾಪುರದವು ಮೊದಮೊದಲು ಮಧ್ಯದಲ್ಲೊಂದು ಕಡೆ ಸಣ್ಣಗೆ ತಡೆಯುತ್ತಿದ್ದವು. ಹಾಗೆಂದು ಇಶಾಪುರದ್ದು ಕೀಳು ಎನ್ನಲಾರೆ. ಅದೇ ತಡೆಯುತ್ತಿದ್ದವು ಆರು ತಿಂಗಳಲ್ಲಿ ಪಳಗಿ, ಆಮೇಲೆ ವರ್ಷಗಟ್ಟಲೆ ಒಂದು ದೂರೂ ತರಲಿಲ್ಲ. ಹೊಸ ಜೋಡೆತ್ತನ್ನು ಮೊದಲ ದಿನವೇ ಗದ್ದೆಗಿಳಿಸಿ ಬೈದರೆ ಹೇಗೆ?

ಈ ಪಿಸ್ತೂಲಿನಲ್ಲಿ ಮ್ಯಾಗಜೀನಿಗೆ ಇನ್ನೊಂದು ಜವಾಬ್ದಾರಿಯಿದೆ. ಮ್ಯಾಗಜೀನು ಹೊರಗಿದ್ದರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಫ್ರೆಂಚ್ ಸೈನ್ಯ ಹಾಗೆ ಕೇಳಿತ್ತು. ಕೊನೆಗೆ ಅವರು ಕೊಳ್ಳಲಿಲ್ಲ, ಏರ್ಪಾಡು ಮಾತ್ರ ಉಳಿದುಕೊಂಡಿತು. ಒಳಗೊಂದು ಸಣ್ಣ ತುಂಡು ಮ್ಯಾಗಜೀನಿನ ಮುಂಗೋಡೆಗೆ ಸದಾ ಒತ್ತಿಕೊಂಡಿರುತ್ತದೆ. ಇದರಿಂದ ಎರಡು ತೊಂದರೆ. ಟ್ರಿಗರ್ ಎಳೆಯುವಾಗ ಆ ತುಂಡು ಗೋಡೆಯ ಮೇಲೆ ಉಜ್ಜುವುದು ಬೆರಳಿಗೆ ತಿಳಿಯುತ್ತದೆ. ಮ್ಯಾಗಜೀನ್ ಬಿಡಿಸುವ ಗುಂಡಿ ಒತ್ತಿದರೂ ಖಾಲಿ ಮ್ಯಾಗಜೀನು ತಾನಾಗಿ ಕೆಳಗೆ ಬೀಳದು, ಎಡಗೈಯಲ್ಲಿ ಎಳೆಯಬೇಕು. ಆಮೇಲಿನ ಬೆಲ್ಜಿಯಂ ಮ್ಯಾಗಜೀನುಗಳಿಗೆ ಬುಡದಲ್ಲಿ ಇಲಿಬೋನಿನ ತಂತಿಯಂಥ ಒಂದು ಸ್ಪ್ರಿಂಗ್ ಕೂರಿಸಿದರು, ಗುಂಡಿ ಒತ್ತಿದರೆ ಅದು ಮ್ಯಾಗಜೀನನ್ನು ಹೊರಕ್ಕೆ ಒದೆಯುತ್ತದೆ. ನನಗೆ ಹಳೆಯದೇ ಇಷ್ಟ. ಕೆಸರಿನಲ್ಲಿ ಬಿದ್ದ ಮ್ಯಾಗಜೀನು ತುಟಿ ಒಡೆದುಕೊಂಡು ನನ್ನ ಟೇಬಲ್ಲಿಗೆ ಬರುವುದಕ್ಕಿಂತ, ಕೈಯಲ್ಲಿ ಎಳೆಯುವ ಅರ್ಧ ಸೆಕೆಂಡು ವಾಸಿ. ಯುದ್ಧಭೂಮಿಯಲ್ಲಿ ನಿಂತವರು ಇದಕ್ಕೆ ಒಪ್ಪದಿರಬಹುದು, ಅವರ ಮಾತೂ ಸರಿ.

ಇಲ್ಲಿ ಒಂದು ಮಾತು. ಮ್ಯಾಗಜೀನ್ ತೆಗೆದರೆ ಪಿಸ್ತೂಲು ಖಾಲಿಯಾಯಿತು ಎಂದು ತುಂಬ ಜನ ತಿಳಿದಿದ್ದಾರೆ. ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಮ್ಯಾಗಜೀನಿಲ್ಲದೆ ಟ್ರಿಗರ್ ನಿಲ್ಲಿಸುವ ಏರ್ಪಾಡು ಎಲ್ಲ ಪಿಸ್ತೂಲುಗಳಲ್ಲೂ ಇಲ್ಲ. ಮೊದಲು ಮ್ಯಾಗಜೀನು, ಆಮೇಲೆ ಸ್ಲೈಡ್ ಎಳೆದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ. ಈ ಕ್ರಮ ತಪ್ಪಿ ಮನೆಯೊಳಗೇ ಹೋದ ಜೀವಗಳಿವೆ. ಮನೆಯಲ್ಲಿ ಲೈಸೆನ್ಸಿನ ಪಿಸ್ತೂಲು ಇಟ್ಟುಕೊಂಡಿರುವ ತೋಟದವರಿಗೆ ಸಿಕ್ಕಿದಾಗಲೆಲ್ಲ ಇದನ್ನು ಹೇಳುತ್ತೇನೆ.

ಮರಳಿನ ವಿಚಾರ ನನಗೆ ರಾಜಸ್ಥಾನದಲ್ಲಿ ತಿಳಿಯಿತು. ಅಲ್ಲಿನ ಧೂಳು ಗೋಧಿಹಿಟ್ಟಿನಷ್ಟು ನಯ. ಹುಡುಗರು ತುಕ್ಕು ಹಿಡಿಯಬಾರದೆಂದು ಮ್ಯಾಗಜೀನಿನ ಒಳಗೆ ಧಾರಾಳವಾಗಿ ಎಣ್ಣೆ ಬಿಟ್ಟಿರುತ್ತಿದ್ದರು. ಬಿಚ್ಚಿದರೆ ಸ್ಪ್ರಿಂಗಿನ ಸುತ್ತ ಹುಳಿಹಿಟ್ಟಿನಂಥ ಬೂದುಬಣ್ಣದ ಮುದ್ದೆ. ಒಂದರಲ್ಲಿ ಫಾಲೋವರು ಅರ್ಧಕ್ಕೇ ನಿಂತಿತ್ತು, ಬೆರಳು ತೆಗೆದರೂ ಮೇಲೆ ಬರಲಿಲ್ಲ. ಅವತ್ತಿನಿಂದ ಒಳಗೆ ಒಣಗಿದ ಚಿಂದಿಯಲ್ಲಿ ಒರೆಸುವುದು, ಎಣ್ಣೆ ಹೊರಗೆ ಮಾತ್ರ, ಅದೂ ತೆಳ್ಳಗೆ. ಇರಾಕಿನಲ್ಲಿ ಅಮೆರಿಕದವರಿಗೂ ಇದೇ ಆಯಿತು. ಅವರ ಬೆರೆಟಾ ಪಿಸ್ತೂಲು 1985ರಲ್ಲಿ ಸೇನೆಗೆ ಬಂದದ್ದು, 15 ಗುಂಡಿನದು. ಮ್ಯಾಗಜೀನುಗಳಿಗೆ ಕೊಟ್ಟ ಫಾಸ್ಫೇಟ್ ಲೇಪ ಒರಟಾಗಿತ್ತು, ನಯವಾದ ಮರಳು ಅದರ ಮೇಲೆ ಹಿಡಿದು ಕೂತು ಫಾಲೋವರ್ ಸಿಕ್ಕಿಹಾಕಿಕೊಂಡಿತು. ದೂರು ಬಂದದ್ದು ಪಿಸ್ತೂಲಿನ ಮೇಲೆ. ಆಮೇಲೆ ನುಣುಪಾದ ಲೇಪದ ಮ್ಯಾಗಜೀನು ಕೊಟ್ಟರು. ಇದನ್ನು ಓದಿದಾಗ ನನಗೆ ಬೈಸಿಕೊಂಡು ಬಂದಿದ್ದ ಆ ಹುಡುಗನ ಮುಖ ನೆನಪಾಯಿತು.

ಗ್ಲಾಕ್ ಪಿಸ್ತೂಲಿನ ಮ್ಯಾಗಜೀನಿನ ಬಗ್ಗೆ ಹೆಚ್ಚೇನೂ ಬರೆದಿಲ್ಲ. 17 ಗುಂಡು, ಹೊರಗೆ ಪ್ಲಾಸ್ಟಿಕ್ಕು, ಒಳಗೆ ಉಕ್ಕಿನ ಒಳಪದರ. ಕೆಳಗೆ ಬಿದ್ದರೆ ಪುಟಿಯುತ್ತದೆಯೇ ಹೊರತು ತುಟಿ ಸುಲಭವಾಗಿ ಬಾಗುವುದಿಲ್ಲ. ನನ್ನಂಥವರ ಕೆಲಸ ಕಡಿಮೆ ಮಾಡಿದ ವಸ್ತು, ಒಳ್ಳೆಯದೇ. ಇಟಲಿಯ ಮೆಕ್‌ಗಾರ್ ಕಂಪನಿ ಹೈ ಪವರಿಗೆ 15 ಗುಂಡಿನದನ್ನೂ ಮಾಡುತ್ತದೆ, ಹೆಚ್ಚುಕಡಿಮೆ ಅದೇ ಉದ್ದದಲ್ಲಿ. ಕೈಯಲ್ಲಿ ಹಿಡಿಯುವ ಭಾಗ್ಯ ಬರಲಿಲ್ಲ, ಹಾಗಾಗಿ ಪುಟವೂ ಇಲ್ಲ.

ಸ್ಪ್ರಿಂಗಿನ ಬಗ್ಗೆ ಅಣ್ಣ ಕೇಳಿದ್ದ. ಅವನದು ಹಾನುಬಾಳಿನ ಹತ್ತಿರ ಕಾಫಿ ತೋಟ, ಅಪ್ಪನ ಕಾಲದ ಜೋಡುನಳಿಗೆಯ ಕೋವಿ ಇದೆ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾನೆ. ಅದಕ್ಕೆ ಮ್ಯಾಗಜೀನೇ ಇಲ್ಲ. ಆದರೂ ಕೇಳಿದ: "ಗುಂಡು ತುಂಬಿ ಹಾಗೇ ಇಟ್ರೆ ಸ್ಪ್ರಿಂಗ್ ಸತ್ತೋಗಲ್ವೇನೋ?" ಎಲ್ಲರೂ ಹಾಗೇ ನಂಬಿದ್ದಾರೆ. ಒಳ್ಳೆಯ ಉಕ್ಕಿನ ಸ್ಪ್ರಿಂಗ್ ತನ್ನ ಮಿತಿಯೊಳಗೆ ಒತ್ತಿಕೊಂಡು ಸುಮ್ಮನಿದ್ದರೆ ಅಷ್ಟು ಬೇಗ ಸೋಲುವುದಿಲ್ಲ. ಸೋಲುವುದು ಸಾವಿರಾರು ಸಲ ಒತ್ತಿ ಬಿಟ್ಟಾಗ, ಇಲ್ಲವೇ ಮಿತಿ ಮೀರಿ ಒತ್ತಿದಾಗ. ಹೊಸ ಮ್ಯಾಗಜೀನಿಗೆ 13ನೇ ಗುಂಡು ತುರುಕುವಾಗ ಹೆಬ್ಬೆರಳಿನ ಉಗುರು ಬಿಳಿಚಿಕೊಳ್ಳುತ್ತದೆ. ಅದಕ್ಕೇ 12ಕ್ಕೆ ನಿಲ್ಲಿಸುವ ಅನುಭವಿಗಳಿದ್ದಾರೆ, ನಾನೂ ಹಾಗೇ ಹೇಳಿಕೊಡುತ್ತಿದ್ದೆ. ಸ್ಪ್ರಿಂಗು ಹೊರತೆಗೆದಾಗ ಎಷ್ಟುದ್ದ ಇದೆ ಎಂದು ಪ್ರತಿ ಪುಟದ ಬಲಮೂಲೆಯಲ್ಲಿ ತಾರೀಖಿನ ಜೊತೆ ಬರೆದಿದ್ದೇನೆ. ಕೆಲವು ಪುಟಗಳಲ್ಲಿ ಎಂಟು ಹತ್ತು ತಾರೀಖುಗಳಿವೆ. ಉದ್ದ ಇಳಿಯುತ್ತ ಬರುವುದನ್ನು ನೋಡಿದರೆ ವಯಸ್ಸಾಗುವುದು ಗೊತ್ತಾಗುತ್ತದೆ.

37ನೇ ನಂಬರಿನ ಪುಟದಲ್ಲಿ ಹದಿನಾಲ್ಕು ತಾರೀಖುಗಳಿವೆ. ಅದು ಕೆನಡಾದ ಹಳೆಯದು, ನನಗಿಂತ ಹಿರಿಯದು. ಎಡಗೋಡೆಯ ಮೇಲೆ ಯಾರೋ ಹಿಂದೆಯೇ ಗೀಚಿದ ಒಂದು ಸಣ್ಣ ಗೆರೆ. ಎರಡು ಸಲ ಸ್ಪ್ರಿಂಗ್ ಬದಲಾಯಿಸಿದೆ, ತುಟಿಗೆ ಒಂದು ಸಲವೂ ಇಕ್ಕಳ ತಾಗಿಸಲಿಲ್ಲ. ವರ್ನಿಯರ್ ಹಿಡಿದಾಗಲೆಲ್ಲ ಅದೇ ಅಳತೆ. ಯಾವ ಪಿಸ್ತೂಲಿನಲ್ಲಿ ಸಂಶಯ ಬಂದರೂ ಮೊದಲು 37 ಹಾಕಿ ನೋಡುತ್ತಿದ್ದೆವು. ಅದರಲ್ಲೂ ಗುಂಡು ಸಿಕ್ಕಿಕೊಂಡರೆ ತಪ್ಪು ಪಿಸ್ತೂಲಿನದು, ಇಲ್ಲದಿದ್ದರೆ ಮ್ಯಾಗಜೀನಿನದು. ಹೀಗೆ ಅದು ನಮ್ಮ ಅಳತೆಗೋಲಾಗಿಬಿಟ್ಟಿತ್ತು.

ಹೋದ ವರ್ಷ ಹಾಸನಾಂಬೆಯ ದರ್ಶನಕ್ಕೆಂದು ಅರಸೀಕೆರೆಯ ಕಡೆಯ ಒಬ್ಬ ಹುಡುಗ ಬಂದಿದ್ದ. ಹುಡುಗ ಎನ್ನುತ್ತೇನೆ, ಅವನೂ ಈಗ ಪೆನ್ಷನ್ನಿನವನು. ನನ್ನ ಕೈಕೆಳಗೆ ಕೆಲಸ ಕಲಿತವನು. ದರ್ಶನ ಮುಗಿಸಿ ಬರುವಾಗ ಅಂಗಿಯೆಲ್ಲ ಒದ್ದೆ. "ಸರ್, ಐದು ಗಂಟೆ ನಿಂತೆ. ಕೊನೇಲಿ ಎರಡು ಲೈನ್ ಸೇರೋ ಕಡೆ ನೀವು ಹೇಳ್ತಿದ್ದದ್ದೇ ನೆನಪಾಯ್ತು" ಎಂದ. ಊಟಕ್ಕೆ ಕೂತಾಗ ತಾನಾಗಿ ಹೇಳಿದ:

"ಮೂವತ್ತೇಳು ಕಂಡಮ್ ಆಯ್ತು ಸರ್. ನಾನು ರಿಟೈರಾಗಿ ಬರೋ ವರ್ಷ."

"ತುಟಿ ಹೋಯ್ತಾ?"

"ಇಲ್ಲ ಸರ್. ತುಟಿ ಗೇಜಿಗೆ ಸರಿಯಾಗೇ ಇತ್ತು. ಬುಡದ ಹತ್ರ ತುಕ್ಕು ತಿಂದು ತೂತಾಗಿತ್ತು. ಬಲಗಡೆ. ನಿಯಮದ ಪ್ರಕಾರ ಕತ್ತರಿಸಿ ಸ್ಕ್ರ್ಯಾಪಿಗೆ ಹಾಕಿದ್ರು. ನಾನೇ ನಿಂತು ನೋಡ್ದೆ."

ಅನ್ನ ಕಲಸಿದ ಕೈ ಹಾಗೇ ಇತ್ತು. ಎದ್ದು ಕೈ ತೊಳೆದು, ಒಳಗೆ ಹೋಗಿ ಪುಸ್ತಕ ತಂದೆ. ತಿಂಗಳು ಅವನಿಗೆ ನೆನಪಿತ್ತು, ತಾರೀಖು ನೆನಪಿರಲಿಲ್ಲ. ಹದಿನಾಲ್ಕನೆಯ ಸಾಲಿನ ಕೆಳಗೆ ತಿಂಗಳು, ವರ್ಷ ಬರೆದೆ. ಪೆನ್ಸಿಲ್ಲಿನ ಚಿತ್ರದಲ್ಲಿ ಬುಡದ ಬಲಗಡೆ ಅವನು ಬೆರಳಿಟ್ಟು ತೋರಿಸಿದ ಜಾಗಕ್ಕೆ ಒಂದು ಸಣ್ಣ ಸೊನ್ನೆ ಹಾಕಿದೆ. ಪಕ್ಕದಲ್ಲಿ 'ತುಟಿ ಸರಿ ಇತ್ತು' ಎಂದು ಬರೆದೆ.